ಎಚ್ಚರಿಕೆಯ ಪತ್ರ ಬಂದ ಮೇಲೆ

ನಮ್ಮೂರಿನ ಬಸದಿಯ ಟ್ರಸ್ಟಿನ ಆಶ್ರಯದಲ್ಲಿ ಒಂದು ಚಿಕ್ಕ ವಿದ್ಯಾರ್ಥಿವೇತನ ನಿಧಿಯಿದೆ. ಅದರ ಸಮಿತಿಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಸದಸ್ಯನಾಗಿದ್ದೇನೆ. ಕಾಲೇಜಿನಲ್ಲಿ ಗಣಿತ ಬೋಧಿಸಿ ನಿವೃತ್ತನಾದವನೆಂಬ ಕಾರಣದಿಂದ, ಅರ್ಜಿಗಳೊಡನೆ ಬರುವ ಅಂಕಪಟ್ಟಿಗಳನ್ನು ಪರಿಶೀಲಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಅಂಕಪಟ್ಟಿಗಳನ್ನು ಓದುವುದು ನನಗೆ ಹೊಸದಲ್ಲ. ಆದರೆ ಈಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಮತ್ತೊಂದು ಬಗೆಯ ಕಾಗದ ಆಗೊಮ್ಮೆ ಈಗೊಮ್ಮೆ ನಮ್ಮ ಮೇಜಿಗೆ ಬರತೊಡಗಿದೆ. ವಿಶ್ವವಿದ್ಯಾಲಯದ ಡೀನರು ವಿದ್ಯಾರ್ಥಿಗೆ ಬರೆದ ಆ ಪತ್ರದಲ್ಲಿ ಹೆಚ್ಚೆಂದರೆ ಹತ್ತು ಸಾಲುಗಳಿರುತ್ತವೆ. ಅದರ ತಲೆಬರಹ 'ಅಕಾಡೆಮಿಕ್ ವಾರ್ನಿಂಗ್' ಅಥವಾ 'ಅಕಾಡೆಮಿಕ್ ಪ್ರೊಬೇಷನ್'. ಇದನ್ನು ಕಂಡ ತಂದೆತಾಯಿಗಳು ಎಷ್ಟು ಕಂಗೆಡುತ್ತಾರೆಂಬುದನ್ನೂ, ನಮ್ಮಂಥ ಸಮಿತಿಗಳು ಎಂಥ ಇಕ್ಕಟ್ಟಿಗೆ ಸಿಲುಕುತ್ತವೆಂಬುದನ್ನೂ ಹತ್ತಿರದಿಂದ ಕಂಡಿರುವುದರಿಂದ, ಆ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇನೆ.

ಮೊದಲು ಆ ಶಬ್ದದ ಬಗ್ಗೆ. ಪ್ರೊಬೇಷನ್ ಎಂಬುದು ನಮಗೆ ಅಪರಿಚಿತವಾದ ಪದವಲ್ಲ. ಸರ್ಕಾರಿ ನೌಕರಿಗೆ ಸೇರಿದವರೆಲ್ಲರೂ ಅದನ್ನು ಬಲ್ಲರು. ಹೊಸದಾಗಿ ಸೇರಿದವನ ಯೋಗ್ಯತೆಯನ್ನು ನೋಡಿ ಕೆಲಸವನ್ನು ಖಾಯಂ ಮಾಡುವ ಅವಧಿ ಅದು. ಅದರಲ್ಲಿ ಅವಮಾನವೇನೂ ಇಲ್ಲ. ನ್ಯಾಯಾಲಯಗಳಿಗೂ ಆ ಪದ ಗೊತ್ತು. 1958ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾನೂನಿನಂತೆ, ಅಪರಾಧಿಯ ನಡತೆಯನ್ನೂ ಸಂದರ್ಭವನ್ನೂ ಗಮನಿಸಿ, ಅವನನ್ನು ಸೆರೆಮನೆಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ನ್ಯಾಯಾಧೀಶರಿಗೆ ಅವಕಾಶವುಂಟು. ಶಿಕ್ಷೆಗೆ ಬದಲಾಗಿ ಕೊಡುವ ಕಾಲಾವಕಾಶ ಎಂಬುದೇ ಅಲ್ಲಿ ಅದರ ಅರ್ಥ. ಎರಡು ಕಡೆಯಲ್ಲಿಯೂ ಆ ಪದಕ್ಕೆ 'ನೋಡೋಣ, ಇನ್ನೂ ತೀರ್ಮಾನಿಸಿಲ್ಲ' ಎಂಬ ಭಾವವೇ ಮೂಲ. ವಿಶ್ವವಿದ್ಯಾಲಯದ ಪತ್ರದಲ್ಲಿ ಬಂದಾಗ ಮಾತ್ರ ನಾವು ಅದನ್ನು 'ತೀರ್ಮಾನವಾಗಿಹೋಯಿತು' ಎಂದು ಓದುತ್ತೇವೆ.

ಕರ್ನಾಟಕದ ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ ಬೇರೆ. ಅಲ್ಲಿ ಪತ್ರ ಬರುವುದಿಲ್ಲ, ಫಲಿತಾಂಶ ಬರುತ್ತದೆ. ಅನುತ್ತೀರ್ಣವಾದ ವಿಷಯಗಳನ್ನು ಹುಡುಗರು 'ಬ್ಯಾಕ್‌ಲಾಗ್' ಎನ್ನುತ್ತಾರೆ. ನಿಗದಿತ ಸಂಖ್ಯೆಗಿಂತ ಹೆಚ್ಚು ವಿಷಯಗಳು ಹಾಗೆ ಉಳಿದುಕೊಂಡರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲ, ಅದಕ್ಕೆ 'ಇಯರ್ ಬ್ಯಾಕ್' ಎಂದು ಹೆಸರು. ಹುಡುಗ ಮನೆಯಲ್ಲಿ ಕುಳಿತು ಬಾಕಿ ವಿಷಯಗಳನ್ನು ಕಟ್ಟುತ್ತಾನೆ. ಈ ಪದ್ಧತಿಯಲ್ಲಿ ಒಂದು ಬಗೆಯ ಒರಟುತನವಿದೆ. ಹುಡುಗ ಬಿದ್ದ ಮೇಲಷ್ಟೇ ಅದು ಮಾತನಾಡುತ್ತದೆ. ಆದರೆ ನೆರೆಹೊರೆಯಲ್ಲಿ ಇಯರ್ ಬ್ಯಾಕ್ ಆಗಿ ಆಮೇಲೆ ಚೆನ್ನಾಗಿಯೇ ಬದುಕಿದವರು ಹಲವರಿರುವುದರಿಂದ ಜನರಿಗೆ ಅದು ರೂಢಿಯಾಗಿದೆ.

ಐ.ಐ.ಟಿ.ಗಳಂಥ ಕೇಂದ್ರೀಯ ಸಂಸ್ಥೆಗಳಲ್ಲಿ ಹಾಗಲ್ಲ. ಅಲ್ಲಿ ಪ್ರತಿ ವಿಷಯಕ್ಕೂ ಇಂತಿಷ್ಟು ಕ್ರೆಡಿಟ್. ಪಡೆದ ಗ್ರೇಡನ್ನು ಹತ್ತರ ಮಾಪಕದಲ್ಲಿ ಅಂಕವಾಗಿಸಿ, ಕ್ರೆಡಿಟ್ಟಿನಿಂದ ಗುಣಿಸಿ, ಸೆಮಿಸ್ಟರಿನ ಸರಾಸರಿಯನ್ನೂ ಅಂದಿನವರೆಗಿನ ಒಟ್ಟು ಸರಾಸರಿಯನ್ನೂ ತೆಗೆಯುತ್ತಾರೆ. ಒಟ್ಟು ಸರಾಸರಿ ಒಂದು ಗೆರೆಗಿಂತ ಕೆಳಗಿಳಿದರೆ ಮೊದಲು ಎಚ್ಚರಿಕೆ, ಆಮೇಲೆ ಪ್ರೊಬೇಷನ್, ಅದರಲ್ಲಿಯೂ ಮೇಲೇಳದಿದ್ದರೆ ಸಂಸ್ಥೆಯಿಂದ ಹೊರಕ್ಕೆ. ನಿಯಮದ ವಿವರಗಳನ್ನು ಆಯಾ ಸಂಸ್ಥೆಯ ಸೆನೆಟ್ಟು ಗೊತ್ತುಪಡಿಸುತ್ತದೆ. ಒಂದು ಕಡೆಯ ಕ್ರಮ ಇನ್ನೊಂದು ಕಡೆ ಇರಲಾರದು. ಅಮೆರಿಕದಲ್ಲಿಯೂ ಇದೇ ಬಗೆ, ಮಾಪಕ ಮಾತ್ರ ನಾಲ್ಕರದು: ಪದವಿ ತರಗತಿಯವರಿಗೆ ಸಾಮಾನ್ಯವಾಗಿ 2.0, ಸ್ನಾತಕೋತ್ತರದವರಿಗೆ 3.0 ಗೆರೆ.

ಈ ಸರಾಸರಿಯ ಗಣಿತವನ್ನು ಹುಡುಗರಾಗಲಿ ಹಿರಿಯರಾಗಲಿ ಕುಳಿತು ಲೆಕ್ಕ ಹಾಕಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಸೆಮಿಸ್ಟರಿಗೆ 20 ಕ್ರೆಡಿಟ್, ಗೆರೆ 5 ಎಂದಿಟ್ಟುಕೊಳ್ಳಿ. ಮೊದಲ ಸೆಮಿಸ್ಟರಿನಲ್ಲಿ 4 ಬಂದರೆ, ಎರಡನೆಯದರಲ್ಲಿ 6 ತೆಗೆದರೆ ಸಾಕು, ಒಟ್ಟು 5 ಆಗುತ್ತದೆ. ಎರಡು ಸೆಮಿಸ್ಟರುಗಳಲ್ಲಿ 4 ಬಂದರೆ ಮೂರನೆಯದರಲ್ಲಿ 7 ಬೇಕು. ಮೂರರಲ್ಲಿ ಹಾಗಾದರೆ ನಾಲ್ಕನೆಯದರಲ್ಲಿ 8. ನಾಲ್ಕು ತೆಗೆಯುತ್ತಿದ್ದವನು ಒಮ್ಮೆಗೇ ಎಂಟು ತೆಗೆಯುವುದೆಂದರೇನು! ಬಡ್ಡಿಯ ಸಾಲದಂತೆ ಇದು, ತಡ ಮಾಡಿದಷ್ಟೂ ಬೆಳೆಯುತ್ತದೆ. ಆದ್ದರಿಂದ ಮೊದಲ ಸೆಮಿಸ್ಟರಿನ ಕೊನೆಗೆ ಬರುವ ಎಚ್ಚರಿಕೆಯ ಪತ್ರವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹುಡುಗರು ಬಚ್ಚಿಡುವುದೂ ಅದನ್ನೇ.

ಈ ಗೆರೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಏನಾಗುತ್ತದೆಂಬುದನ್ನು 2015ರ ಜುಲೈಯಲ್ಲಿ ದೇಶವೇ ಕಂಡಿತು. ರೂರ್ಕಿಯ ಐ.ಐ.ಟಿ.ಯಲ್ಲಿ ಒಟ್ಟು ಸರಾಸರಿ 5ಕ್ಕಿಂತ ಕೆಳಗಿಳಿದ ಮೊದಲ ವರ್ಷದ ಎಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಮ್ಮೆಗೇ ಹೊರಗೆ ಹಾಕಲಾಯಿತು. ವಿಷಯ ನೈನಿತಾಲ್‌ನ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ ಸಂಸ್ಥೆಯೇ ಮನಸ್ಸು ಬದಲಿಸಿ, ಮೊದಲ ವರ್ಷವನ್ನು ಮತ್ತೊಮ್ಮೆ ಓದಲು ಅವರಿಗೆ ಅವಕಾಶ ಕೊಟ್ಟಿತು. ದೇಶದಲ್ಲಿಯೇ ಅತ್ಯಂತ ಕಠಿಣವೆನಿಸಿದ ಪ್ರವೇಶ ಪರೀಕ್ಷೆಯನ್ನು ಗೆದ್ದು ಬಂದವರು ಒಂದೇ ವರ್ಷದೊಳಗೆ ದಡ್ಡರಾದರೆ? ಪ್ರತಿಯೊಬ್ಬರೂ ತಮ್ಮ ಶಾಲೆಗೆ ಮೊದಲಿಗರಾಗಿದ್ದವರನ್ನು ಒಂದು ಕೊಠಡಿಯಲ್ಲಿ ಕೂರಿಸಿದರೆ ಯಾರಾದರೂ ಒಬ್ಬರು ಕೊನೆಯವರಾಗಲೇಬೇಕು. ಹಾಗೆ ಕೊನೆಯವರಾಗುವುದು ಹೇಗೆಂಬುದನ್ನು ಮಾತ್ರ ಅವರಿಗೆ ಯಾರೂ ಕಲಿಸಿರುವುದಿಲ್ಲ.

ಈಗ ನಮ್ಮ ಸಮಿತಿಯ ಮುಂದೆ ಬಂದ ಒಂದು ಪ್ರಕರಣ. ಹುಡುಗ ನಮ್ಮ ತಾಲ್ಲೂಕಿನವನೇ. ತಂದೆಯದು ಚಿಕ್ಕದೊಂದು ಕಿರಾಣಿ ಅಂಗಡಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ತಾಲ್ಲೂಕಿಗೇ ಮೊದಲಿಗ. ಉತ್ತರ ಭಾರತದ ಒಂದು ಕೇಂದ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅವನಿಗೆ ಸ್ಥಾನ ದೊರೆತಾಗ ನಮ್ಮ ನಿಧಿಯಿಂದ ಶುಲ್ಕದ ಒಂದು ಭಾಗವನ್ನು ಕೊಡಲು ಒಪ್ಪಿದ್ದೆವು. ಬಸದಿಯ ವಾರ್ಷಿಕೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದ್ದೂ ಆಗಿತ್ತು. ಎರಡನೆಯ ಸೆಮಿಸ್ಟರ್ ಮುಗಿದ ಮೇಲೆ ಒಂದು ಸಂಜೆ ಅವನ ತಂದೆ ಪ್ರೊಬೇಷನ್ ಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದರು. ತಂದೆತಾಯಿಗಳೂ ಸಹಿ ಮಾಡಿ ಕಳುಹಿಸಬೇಕಾದ ಮುಚ್ಚಳಿಕೆ ಅದರೊಡನಿದ್ದುದರಿಂದ ಹುಡುಗನಿಗೆ ಅದನ್ನು ಬಚ್ಚಿಡಲು ಸಾಧ್ಯವಾಗಿರಲಿಲ್ಲ. ಮೊದಲ ಸೆಮಿಸ್ಟರಿನ ಎಚ್ಚರಿಕೆಯ ಪತ್ರ ಮನೆಗೆ ತಲುಪಿರಲೇ ಇಲ್ಲ.

"ಮೇಷ್ಟ್ರೇ, ಇದಕ್ಕೆ ಸಹಿ ಹಾಕಿದರೆ ನಾವೇ ಅವನನ್ನು ಬಿಡಿಸಿದ ಹಾಗಾಗುತ್ತದೆಯೇ?" ಎಂದು ಅವರು ಕೇಳಿದರು. ಹಾಗಲ್ಲವೆಂದು, ಸಹಿ ಹಾಕಿದರೇ ಅವನು ಉಳಿಯುವುದೆಂದು ವಿವರಿಸಿದೆ. ಆಮೇಲೆ ಅವರು ಕೇಳಿದ್ದು: "ಊರಲ್ಲಿ ಏನೆಂದು ಹೇಳಲಿ?"

ಹುಡುಗ ರಜೆಗೆ ಬಂದಾಗ ಅವನೊಡನೆ ಎರಡು ಮೂರು ದಿನ ಮಾತನಾಡಿದೆ. ಮೊದಲ ದಿನ ಅವನು ಹೇಳಿದ್ದು ಒಂದೇ ಮಾತು: "ನನಗೆ ಯೋಗ್ಯತೆ ಇಲ್ಲ ಸರ್." ಯೋಗ್ಯತೆಯ ಮಾತನ್ನು ಬದಿಗಿಟ್ಟು, ಒಂದೊಂದು ವಿಷಯದ ಗ್ರೇಡನ್ನೂ ಮುಂದಿಟ್ಟುಕೊಂಡು ಕೇಳುತ್ತ ಹೋದೆ. ಗಣಿತದಲ್ಲಿ ಅವನು ಅಷ್ಟೇನೂ ಹಿಂದಿರಲಿಲ್ಲ. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವ ವಿಷಯದಲ್ಲಿ ಎರಡು ಸಲವೂ ಅನುತ್ತೀರ್ಣ. ಸಹಪಾಠಿಗಳಲ್ಲಿ ಬಹುಪಾಲು ಮಂದಿ ಶಾಲೆಯಲ್ಲಿಯೇ ಅದನ್ನು ಕಲಿತು ಬಂದಿದ್ದರು. ಇವನು ಅಲ್ಲಿಗೆ ಹೋಗುವವರೆಗೆ ಕೀಲಿಮಣೆಯ ಮೇಲೆ ಕೈಯಿಟ್ಟವನಲ್ಲ. ಪ್ರಯೋಗಾಲಯದಲ್ಲಿ ಪಕ್ಕದವನು ಹತ್ತು ನಿಮಿಷದಲ್ಲಿ ಮುಗಿಸುವುದನ್ನು ಕಂಡು, ಕೇಳಿದರೆ ನಗುತ್ತಾರೆಂದು ಸುಮ್ಮನೆ ಕುಳಿತು, ಆಮೇಲೆ ಹೋಗುವುದನ್ನೇ ಬಿಟ್ಟಿದ್ದ. ಹಾಜರಿ ಕಡಿಮೆಯಾದುದಕ್ಕೆ ಅದರಲ್ಲಿಯೂ ಗ್ರೇಡು ಹೋಯಿತು.

ಇನ್ನೊಂದು ಕಾರಣವನ್ನು ಅವನು ಮೂರನೆಯ ದಿನ, ಅದೂ ಹಿಂಜರಿಯುತ್ತ ಹೇಳಿದ. ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂದು ಹೊರಡುವ ಮುಂಚೆ ಅಜ್ಜಿಗೆ ಮಾತು ಕೊಟ್ಟಿದ್ದ. ಚಳಿಗಾಲದಲ್ಲಿ ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಆ ಹೊತ್ತಿಗೆ ಪ್ರಯೋಗಾಲಯ ಮುಗಿದಿರುವುದಿಲ್ಲ, ಮೆಸ್ಸಿನ ಬಾಗಿಲು ತೆರೆಯುವುದು ಏಳೂವರೆಗೆ. ಮಧ್ಯಾಹ್ನದ ಊಟದ ನಂತರ ಮರುದಿನ ಬೆಳಗಿನವರೆಗೆ ಅವನ ಹೊಟ್ಟೆಗೆ ಏನೂ ಬೀಳುತ್ತಿರಲಿಲ್ಲ. ಹಸಿವಿಗೆ ಓದು ಹತ್ತದೆ ಬೇಗ ಮಲಗುತ್ತಿದ್ದ. ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆಯಿಲ್ಲ, ಎಂಟರ ತರಗತಿಗೆ ಏಳಲಾಗುತ್ತಿರಲಿಲ್ಲ. ಅವನ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾಲ್ಕೂವರೆಯ ವಿರಾಮದಲ್ಲಿ ತಿನ್ನಲು ಒಂದು ಡಬ್ಬಿ ಅವಲಕ್ಕಿಯನ್ನೋ ಚಪಾತಿಯನ್ನೋ ಮೆಸ್ಸಿನವರಿಂದ ಕಟ್ಟಿಸಿಕೊಂಡು ಹೋಗಬಹುದೆಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಶಾಲು ಹೊದಿಸಿದ ನಮ್ಮಲ್ಲಿ ಯಾರಿಗೂ ಆ ಹುಡುಗ ಎಷ್ಟು ಹೊತ್ತಿಗೆ ಉಣ್ಣುತ್ತಾನೆಂಬುದು ತಿಳಿದಿರಲಿಲ್ಲ.

ಪ್ರತಿ ಭಾನುವಾರ ತಂದೆ ಫೋನಿನಲ್ಲಿ "ಓದು ಹೇಗೆ ನಡೆದಿದೆಯಪ್ಪ?" ಎಂದು ಕೇಳುತ್ತಿದ್ದರು. "ಚೆನ್ನಾಗಿದೆ" ಎಂದು ಅವನು ಉತ್ತರಿಸುತ್ತಿದ್ದ. ಇದು ಸುಳ್ಳೇ ಸರಿ. ಆದರೆ ಆ ಸುಳ್ಳಿನಲ್ಲಿ ಹುಡುಗನ ಪಾಲೆಷ್ಟು, 'ಚೆನ್ನಾಗಿದೆ' ಎಂಬ ಉತ್ತರವನ್ನಲ್ಲದೆ ಬೇರೆ ಉತ್ತರವನ್ನು ಕೇಳಲು ಸಿದ್ಧರಿಲ್ಲದವರ ಪಾಲೆಷ್ಟು ಎಂಬುದನ್ನು ಅಳೆಯುವುದು ಸುಲಭವಲ್ಲ. ಪರದೇಶಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಮೆರಿಕದಲ್ಲಿ 1974ರ ಒಂದು ಕಾನೂನಿನಂತೆ, ಕಾಲೇಜು ಸೇರಿದ ವಿದ್ಯಾರ್ಥಿಯ ಅಂಕಗಳನ್ನು ಅವನ ಲಿಖಿತ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೂ ಸಾಮಾನ್ಯವಾಗಿ ತಿಳಿಸುವಂತಿಲ್ಲ. ಹಣ ಕಳುಹಿಸುವವರು ಇಲ್ಲಿ, ಪತ್ರ ತಲುಪುವುದು ಅಲ್ಲಿ. ವೀಸಾದ ಭಯ ಬೇರೆ. ಪ್ರೊಬೇಷನ್ ಆದ ಮಾತ್ರಕ್ಕೆ ವಿದ್ಯಾರ್ಥಿ ವೀಸಾಕ್ಕೆ ಕುತ್ತಿಲ್ಲ. ವಿಶ್ವವಿದ್ಯಾಲಯ ಹೊರಗೆ ಹಾಕಿದರೆ ಕುತ್ತು. ಆದರೆ ಭಾರ ಇಳಿಸಿಕೊಳ್ಳಲೆಂದು ವಿದೇಶೀ ವಿದ್ಯಾರ್ಥಿಗಳ ಕಚೇರಿಯ ಅಪ್ಪಣೆ ಪಡೆಯದೆ ಒಂದು ವಿಷಯವನ್ನು ಬಿಟ್ಟರೆ, ಪದವಿ ವಿದ್ಯಾರ್ಥಿಗಿರಬೇಕಾದ 12 ಕ್ರೆಡಿಟ್ಟುಗಳಿಗಿಂತ ಕಡಿಮೆಯಾಗಿ ವೀಸಾದ ನಿಯಮವೇ ಮುರಿದುಹೋಗುತ್ತದೆ. ಮೊದಲೇ ಕೇಳಿದರೆ, ಭಾಷೆ ಹತ್ತದಿರುವುದು, ಅಲ್ಲಿನ ಬೋಧನಾಕ್ರಮ ಹೊಸದಾಗಿರುವುದು, ಅನಾರೋಗ್ಯ ಮುಂತಾದ ಕಾರಣಗಳಿಗೆ ವಿನಾಯಿತಿ ದೊರೆಯುವ ಅವಕಾಶವಿದೆ. ಸಂಕೋಚದಿಂದ ಬಾಯಿ ಮುಚ್ಚಿಕೊಂಡಿರುವವರಿಗೆ ಆ ವಿನಾಯಿತಿ ಇದ್ದೂ ಇಲ್ಲದಂತೆ.

ಎಚ್ಚರಿಕೆಯ ಪತ್ರದಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರೂ ಕೇಳಿದ್ದಾರೆ. ಲಿಂಡೊ, ಸ್ಯಾಂಡರ್ಸ್ ಮತ್ತು ಓರಿಯೋಪೊಲಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಕೆನಡಾದ ಒಂದು ದೊಡ್ಡ ವಿಶ್ವವಿದ್ಯಾಲಯದ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗೆರೆಯ ಕೂದಲೆಳೆಯಷ್ಟು ಮೇಲಿದ್ದವರನ್ನೂ ಕೂದಲೆಳೆಯಷ್ಟು ಕೆಳಗಿದ್ದವರನ್ನೂ ಅವರು ಹೋಲಿಸಿದರು. ಓದಿನಲ್ಲಿ ಈ ಎರಡು ಗುಂಪುಗಳಿಗೆ ಹೆಚ್ಚು ಅಂತರವಿಲ್ಲ. ವ್ಯತ್ಯಾಸವೆಂದರೆ ಒಂದು ಗುಂಪಿಗೆ ಪತ್ರ ಬಂದಿದೆ, ಇನ್ನೊಂದಕ್ಕೆ ಬಂದಿಲ್ಲ. ಪತ್ರ ಬಂದವರಲ್ಲಿ ಕೆಲವರು ಓದನ್ನೇ ಬಿಟ್ಟು ಹೋದರು. ಉಳಿದು ಮುಂದುವರಿದವರ ಅಂಕಗಳು ಏರಿದವು. ಒಂದೇ ಪತ್ರ ಒಬ್ಬನನ್ನು ಎಬ್ಬಿಸುತ್ತದೆ, ಇನ್ನೊಬ್ಬನನ್ನು ಮನೆಗೆ ಕಳುಹಿಸುತ್ತದೆ. ಯಾರು ಎಬ್ಬಿಸಲ್ಪಡುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂಬುದು ಪತ್ರ ಓದಿದ ದಿನ ಅವರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆಂದು ನನ್ನ ಅನುಭವ ಹೇಳುತ್ತದೆ. ಮನೆಗೂ ಹೋಗದೆ ಇನ್ನೂ ಘೋರವಾದ ದಾರಿ ಹಿಡಿದ ಮಕ್ಕಳ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ವಿದ್ಯಾರ್ಥಿಗಳ ಆತ್ಮಹತ್ಯೆಗಳ ವಿಚಾರವಾಗಿ 2025ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಂದು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಬೇಕಾಯಿತು. ಮಗು ಮಾತು ಬಿಟ್ಟಿದೆ, ಊಟ ಬಿಟ್ಟಿದೆ ಎಂದು ಕಂಡರೆ ಅಂಕದ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಸಮಿತಿಯ ಸಭೆಯಲ್ಲಿ ಚರ್ಚೆ ದೀರ್ಘವಾಗಿಯೇ ನಡೆಯಿತು. ಅನುತ್ತೀರ್ಣನಾದವನಿಗೆ ನೆರವು ನಿಲ್ಲತಕ್ಕದ್ದು ಎಂಬುದು ನಮ್ಮ ನಿಧಿಯ ನಿಯಮ. ಕೋಶಾಧಿಕಾರಿಗಳು ಅದನ್ನೇ ಹಿಡಿದರು. ಅವರು ನಿಷ್ಠುರರಲ್ಲ, ಅವರ ವಾದದಲ್ಲಿ ತೂಕವಿತ್ತು. "ಇದು ನಮ್ಮ ಸ್ವಂತ ಹಣವಲ್ಲ ಮೇಷ್ಟ್ರೇ. ಹುಂಡಿಗೆ ಹತ್ತು ರೂಪಾಯಿ ಹಾಕಿದವರ ಹಣವೂ ಇದರಲ್ಲಿದೆ. ನರ್ಸಿಂಗ್ ಓದುತ್ತಿರುವ ಆ ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಕಾಯುತ್ತಿದ್ದಾಳೆ. ಪಾಸಾದವಳನ್ನು ಕಾಯಿಸಿ ಫೇಲಾದವನಿಗೆ ಕೊಟ್ಟರೆ ನಾಳೆ ನಾವು ಏನು ಉತ್ತರ ಹೇಳುವುದು?" ಎಂದರು. ಇದಕ್ಕೆ ಸುಲಭವಾದ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ನಾನು ಹೇಳಿದ್ದು ಇಷ್ಟು. ಸಂಸ್ಥೆಯೇ ಅವನನ್ನು ಇನ್ನೂ ಹೊರಗೆ ಹಾಕಿಲ್ಲ, ಒಂದು ಸೆಮಿಸ್ಟರಿನ ಅವಕಾಶ ಕೊಟ್ಟಿದೆ. ಸಂಸ್ಥೆ ಕೊಟ್ಟ ಅವಕಾಶವನ್ನು ನಾವು ಶುಲ್ಕ ನಿಲ್ಲಿಸಿ ಕಿತ್ತುಕೊಂಡಂತಾಗಬಾರದು. ಸಮಿತಿಯಲ್ಲಿರುವ ಒಬ್ಬರು ಹಿರಿಯ ತಾಯಿ ಅಲ್ಲಿಯವರೆಗೂ ಸುಮ್ಮನಿದ್ದರು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳನ್ನು ನಾಲ್ಕಾಗಿ ಎಣಿಸುತ್ತೇವಲ್ಲ, ಈ ನಿಧಿಯನ್ನು ನಾವು ಮೂರನೆಯದರ ಲೆಕ್ಕಕ್ಕೆ ಹಾಕಿದ್ದೇವೆ, ಆ ಹುಡುಗನಿಗೆ ಬೇಕಾಗಿರುವುದು ನಾಲ್ಕನೆಯದು ಎಂದು ಅವರು ಹೇಳಿದರು. ಕೋಶಾಧಿಕಾರಿಗಳು ನಕ್ಕು, "ಅಮ್ಮಾ, ನಾಲ್ಕನೆಯದಕ್ಕೆ ಚೆಕ್ಕು ಬರೆಯುವುದು ಹೇಗೆ?" ಎಂದರು. ಸಭೆಯ ಬಿಗುವು ಸ್ವಲ್ಪ ಸಡಿಲಿತು.

ಕೊನೆಗೆ ಆದ ನಿರ್ಣಯ: ಪ್ರೊಬೇಷನ್ ಅವಧಿಗೆ ನೆರವನ್ನು ಮುಂದುವರಿಸುವುದು, ಹುಡುಗ ತಿಂಗಳಿಗೊಮ್ಮೆ ತನ್ನ ಮಾರ್ಗದರ್ಶಕ ಪ್ರಾಧ್ಯಾಪಕರನ್ನು ಕಂಡು, ಏನು ಮಾತಾಯಿತೆಂದು ನನಗೆ ಒಂದು ಪತ್ರ ಬರೆಯುವುದು. ಅಂಕಗಳನ್ನು ಬರೆಯಬೇಕೆಂದು ನಾವು ಕೇಳಲಿಲ್ಲ. ಅಂಕ ಕೇಳಿದರೆ ಮತ್ತೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತಿತ್ತು.

ಮುಂದಿನದು ಕಥೆಗಳಲ್ಲಿ ಆಗುವಂತೆ ಆಗಲಿಲ್ಲ. ಮೊದಲ ಎರಡು ಸೆಮಿಸ್ಟರುಗಳ 40 ಕ್ರೆಡಿಟ್ಟುಗಳಿಗೆ ಅವನ ಒಟ್ಟು ಸರಾಸರಿ 4.3 ಇತ್ತು. ಪ್ರೊಬೇಷನ್ನಿನಲ್ಲಿ ಭಾರ ಇಳಿಸಿ 16 ಕ್ರೆಡಿಟ್ ಮಾತ್ರ ಕೊಟ್ಟಿದ್ದರು. ಗೆರೆ ಮುಟ್ಟಲು 6.75 ಬೇಕಿತ್ತು. ಅವನು ತೆಗೆದದ್ದು 6.5. ಪ್ರೋಗ್ರಾಮಿನ ವಿಷಯದಲ್ಲಿ ಈ ಸಲ ಉತ್ತೀರ್ಣನಾಗಿದ್ದ, ಪ್ರಯೋಗಾಲಯಕ್ಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಒಟ್ಟು 4.93. ಗೆರೆಗೆ ಏಳು ಶತಾಂಶ ಕಡಿಮೆ. ಅವನ ತಿಂಗಳ ಪತ್ರಗಳನ್ನು ಓದುತ್ತಿದ್ದ ನನಗೆ ಆ ಸಂಖ್ಯೆಯನ್ನು ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ಸೆನೆಟ್ಟಿಗೆ ಮೇಲ್ಮನವಿ ಬರೆಯಲು ಹತ್ತು ದಿನಗಳ ಅವಕಾಶವಿತ್ತು. ಮನವಿಯನ್ನು ಅವನೇ ಬರೆದ. ನಾನು ತಿದ್ದಿದ್ದು ಎರಡು ಕಡೆ ಮಾತ್ರ, ಕ್ಷಮೆ ಕೇಳುವ ಸಾಲುಗಳನ್ನು ತೆಗೆಸಿ, ಆ ಜಾಗದಲ್ಲಿ ಹಾಜರಿಯ ಲೆಕ್ಕವನ್ನು ಹಾಕಿಸಿದೆ. ಮಾರ್ಗದರ್ಶಕ ಪ್ರಾಧ್ಯಾಪಕರು ಅದಕ್ಕೆ ತಮ್ಮ ಒಂದು ಟಿಪ್ಪಣಿಯನ್ನು ಲಗತ್ತಿಸಿದರು. ಪ್ರೊಬೇಷನ್ನನ್ನು ಇನ್ನೊಂದು ಸೆಮಿಸ್ಟರಿಗೆ ವಿಸ್ತರಿಸಿದ ಉತ್ತರ ಬಂದಿತು. ಆ ಸೆಮಿಸ್ಟರಿನ 18 ಕ್ರೆಡಿಟ್ಟುಗಳಲ್ಲಿಯೂ ಅವನಿಗೆ ಬಂದದ್ದು ಅದೇ 6.5, ಒಟ್ಟು 5.31. ಪದವಿಗೆ ನಾಲ್ಕರ ಬದಲು ಐದು ವರ್ಷ ಹಿಡಿಯುತ್ತದೆ. ಊರಲ್ಲಿ ಯಾರಾದರೂ ಕೇಳಿದರೆ ಅವನ ತಂದೆ ಈಗ ಹಾಗೆಯೇ ಹೇಳುತ್ತಾರೆ, ಐದು ವರ್ಷವೆಂದು.

ನಿಧಿಯ ಅರ್ಜಿ ನಮೂನೆಯನ್ನು ಆಮೇಲೆ ಬದಲಿಸಿದೆವು. ಎಚ್ಚರಿಕೆಯ ಪತ್ರ ಬಂದರೆ ಹದಿನೈದು ದಿನಗಳೊಳಗೆ ಸಮಿತಿಗೆ ತಿಳಿಸುವುದು, ಹಾಗೆ ತಿಳಿಸಿದವರ ನೆರವನ್ನು ಒಂದು ಸೆಮಿಸ್ಟರಿನವರೆಗೆ ನಿಲ್ಲಿಸತಕ್ಕದ್ದಲ್ಲ ಎಂಬ ಎರಡು ಸಾಲು ಸೇರಿದವು. ಹೊರಗೆ ಓದುವ ಪ್ರತಿ ವಿದ್ಯಾರ್ಥಿಗೂ ಸಮಿತಿಯ ಒಬ್ಬ ಸದಸ್ಯರು ತಿಂಗಳಿಗೊಮ್ಮೆ ಫೋನು ಮಾಡಿ ಊಟ, ನಿದ್ದೆ, ಸ್ನೇಹಿತರು ಇವುಗಳನ್ನು ವಿಚಾರಿಸುವುದೆಂದು ಗೊತ್ತುಪಡಿಸಿದ್ದೇವೆ. ಕೋಶಾಧಿಕಾರಿಗಳ ಪಾಲಿಗೆ ಮೂವರು ವಿದ್ಯಾರ್ಥಿಗಳಿದ್ದಾರೆ. ಅವರು ತಪ್ಪದೆ ಫೋನು ಮಾಡುತ್ತಾರೆಂದು ಕೇಳಿದ್ದೇನೆ.

ನರ್ಸಿಂಗ್ ಓದುವ ಆ ಹುಡುಗಿಗೆ ಆ ವರ್ಷ ಕೇಳಿದ್ದರಲ್ಲಿ ಅರ್ಧವನ್ನಷ್ಟೇ ಕೊಡಲು ನಮಗೆ ಸಾಧ್ಯವಾಯಿತು. ಉಳಿದರ್ಧಕ್ಕೆ ಆಕೆಯ ತಂದೆ ಸಹಕಾರ ಸಂಘದಲ್ಲಿ ಸಾಲ ತೆಗೆದಿದ್ದಾರೆ. ಬರುವ ಸಭೆಯ ವಿಷಯಪಟ್ಟಿಯಲ್ಲಿ ಆ ಸಾಲದ ವಿಚಾರವನ್ನು ಮೊದಲನೆಯದಾಗಿ ಬರೆಸಿದ್ದೇನೆ.